.32 ಬೋರ್ ಆತ್ಮರಕ್ಷಣೆಗೆ ಯಾವ ಕಾಡತೂಸು? ಹಾಲೋ ಪಾಯಿಂಟ್ ಹುಡುಕಬೇಕಾ, ಬಾಲ್ ಸಾಕಾ?

ಜಯನಗರ_ನಾಲ್ಕು:
ಬೆಂಗಳೂರು ಕಮಿಷನರೇಟ್ ಲೈಸೆನ್ಸ್. ಅದರಲ್ಲಿ ಬರೆದಿರೋದು .32 ಹ್ಯಾಂಡ್‌ಗನ್, ಎನ್‌ಪಿಬಿ (ನಿಷೇಧಿತವಲ್ಲದ ಬೋರ್). ಬುಕ್ ಮಾಡಿರೋದು ಪಿಸ್ತೂಲು. ವರ್ಷಕ್ಕೆ 50 ಕಾಡತೂಸು ಅಂತ ನಮೂದಾಗಿದೆ. ಯೂಟ್ಯೂಬ್ ತೆಗೆದ್ರೆ ಹಾಲೋ ಪಾಯಿಂಟ್ (ಮೂತಿಯಲ್ಲಿ ಗುಳಿ ಇದ್ದು ದೇಹದೊಳಗೆ ಅರಳೋ ಗುಂಡು) ಇಲ್ಲದವನಿಗೆ ಆತ್ಮರಕ್ಷಣೆಯೇ ಇಲ್ಲ ಅನ್ನೋ ಥರ ಮಾತಾಡ್ತಾರೆ. ಡೀಲರ್ ಹತ್ರ ಇರೋದು ಉರುಟು ಮೂತಿಯ, ತಾಮ್ರದ ಹೊದಿಕೆಯ ಗುಂಡು, ಅಂದ್ರೆ ಬಾಲ್ ಮಾತ್ರ. ಅದು ಸಾಕಾ, ಇಲ್ಲಾ ಇಂಪೋರ್ಟೆಡ್‌ಗೆ ಕಾಯಬೇಕಾ? ಮನೆ ಅಪಾರ್ಟ್‌ಮೆಂಟಲ್ಲಿ, ಮೂರನೇ ಮಹಡಿ.

ನಳಿಗೆನೋಟ:
ಹಾಲೋ ಪಾಯಿಂಟ್ ಆಮೇಲೆ. ಮೊದಲು ನೋಡಬೇಕಾದ್ದು ಬೇರೆ ಇದೆ. ಲೈಸೆನ್ಸಿನಲ್ಲಿ ".32" ಅಂತ ಒಂದೇ ಮಾತು ಇರುತ್ತೆ, ಅಂಗಡಿಯಲ್ಲಿ ಆ ಹೆಸರಿನ ಎರಡು ಕಾಡತೂಸು ಇರುತ್ತವೆ. ಪಿಸ್ತೂಲಿಗೆ ಬೇಕಾದ್ದು .32 ಎಸಿಪಿ. 7.65 ಬ್ರೌನಿಂಗ್ ಅನ್ನೋದೂ ಇದನ್ನೇ. 1899ರದ್ದು. ರಿವಾಲ್ವರಿಗೆ ಬೇಕಾದ್ದು .32 ಎಸ್ ಅಂಡ್ ಡಬ್ಲ್ಯು ಲಾಂಗ್, 1896ರದ್ದು. ಎರಡರ ಗುಂಡಿನ ದಪ್ಪವೂ ಸುಮಾರು 7.9 ಮಿ.ಮೀ., ಹಾಗಾಗಿ ಮೂತಿ ನೋಡಿ ಗುರುತು ಹಿಡಿಯೋಕಾಗಲ್ಲ. ಕೇಸು (ಮದ್ದು ತುಂಬಿರೋ ಹಿತ್ತಾಳೆ ಕೊಳವೆ) ನೋಡಿ: ಎಸಿಪಿದು 17 ಮಿ.ಮೀ. ಉದ್ದ, ಲಾಂಗ್‌ದು 23 ಮಿ.ಮೀ. ಮೇಲೆ. ಲಾಂಗ್‌ನ ರಿಮ್ (ಕೇಸಿನ ತಳದ ಅಂಚು) ಅಗಲವಾಗಿ ಹೊರಗೆ ಚಾಚಿರುತ್ತೆ. ಎಸಿಪಿಯ ರಿಮ್ ಉಗುರಿಗೆ ಸಿಕ್ಕರೆ ಸಿಕ್ಕೀತು ಅನ್ನುವಷ್ಟೇ.

ಇದನ್ನು ಇಷ್ಟು ಎಳೆದು ಹೇಳೋಕೆ ಕಾರಣ ಇದೆ. ಆ ಚಿಕ್ಕ ರಿಮ್ಮಿನ ದೆಸೆಯಿಂದ ಎಸಿಪಿ ಕಾಡತೂಸು ಎಷ್ಟೋ .32 ಲಾಂಗ್ ರಿವಾಲ್ವರುಗಳ ಸಿಲಿಂಡರಿನಲ್ಲಿ ಕೂತುಬಿಡುತ್ತೆ. ಕೂತಿತು ಅಂತ ಕುದುರೆ (ಟ್ರಿಗರ್) ಎಳೆಯಬಾರದು. ಲಾಂಗ್‌ನ ಒತ್ತಡದ ಮಿತಿ 15,000 ಪಿಎಸ್‌ಐ, ಎಸಿಪಿದು 20,500. ಹಳೇ ರಿವಾಲ್ವರಾದರೆ ಸಿಲಿಂಡರ್ ಗೋಡೆಯ ಮೇಲೆ ಬೀಳುವ ಏಟು ಅದು. ಬಿಲ್ ಹಾಕಿಸುವಾಗ ".32" ಅಂತ ಬರೆಸಿ ಬರಬೇಡಿ, ಪೂರ್ತಿ ಹೆಸರು ಬರೆಸಿ. ಡಬ್ಬದ ಮೇಲಿನ ಹೆಸರು, ಕೇಸಿನ ತಳದ ಮುದ್ರೆ, ನಳಿಗೆ ಮೇಲೆ ಕೊರೆದಿರೋ ಹೆಸರು, ಮೂರೂ ಒಂದೇ ಆಗಿರಬೇಕು.

ಮದ್ದಿನಮನೆ:
ಮೇಲಿನದು ಸರಿ. ತಳದಲ್ಲಿ ಕೆಎಫ್ ಅಂತ ಇದ್ದರೆ ಅದು ಪುಣೆ ಪಕ್ಕದ ಖಡಕಿ ಕಾರ್ಖಾನೆಯ ಮಾಲು. 2021ರ ಅಕ್ಟೋಬರ್ 1ರಿಂದ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಕೆಳಗೆ ಬಂದಿದೆ.

ಈಗ ಮುಖ್ಯ ಪ್ರಶ್ನೆ. .32 ಎಸಿಪಿ ಬಾಲ್ ಗುಂಡು 71 ಗ್ರೇನ್, ಅಂದರೆ 4.6 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 275 ಮೀಟರ್. ಶಕ್ತಿ 175 ಜೂಲ್ ಆಸುಪಾಸು. ಯೂಟ್ಯೂಬಿನವರು ಮಾತಾಡೋದು 9 ಎಂಎಂ ಬಗ್ಗೆ: 8 ಗ್ರಾಂ ಗುಂಡು, 350 ಮೀಟರ್ ವೇಗ, 490 ಜೂಲ್. ನಮ್ಮಲ್ಲಿ 9 ಎಂಎಂ, .38 ಎರಡೂ ಪಿಬಿ (ನಿಷೇಧಿತ ಬೋರ್), ಸಾಮಾನ್ಯ ಲೈಸೆನ್ಸಿಗೆ ಸಿಗಲ್ಲ. ಅವರ ಸಲಹೆಯನ್ನ ಹಾಗೇ ಎತ್ತಿ .32ಗೆ ಅಂಟಿಸಿದರೆ ಲೆಕ್ಕ ತಪ್ಪುತ್ತೆ.

ಹಾಲೋ ಪಾಯಿಂಟ್ ಅರಳೋಕೆ ಶಕ್ತಿ ಬೇಕು. ಅರಳಿದ ಮೇಲೆ ಮುಂದಕ್ಕೆ ನುಗ್ಗೋಕೂ ಶಕ್ತಿ ಬೇಕು. 175 ಜೂಲಿನಲ್ಲಿ ಎರಡೂ ಆಗಲ್ಲ. ಅಳತೆಗೋಲು ಶೇ. 10ರ ಬ್ಯಾಲಿಸ್ಟಿಕ್ ಜೆಲಾಟಿನ್, ಮಾಂಸದ ಬದಲು ಗುಂಡು ಹೊಡೆದು ನೋಡೋ ಜೆಲ್ಲಿ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದ ನಂತರ ಎಫ್‌ಬಿಐ ಇಟ್ಟುಕೊಂಡ ಮಾನದಂಡ ಅದರಲ್ಲಿ 12ರಿಂದ 18 ಇಂಚು ಆಳ, 30ರಿಂದ 45 ಸೆಂ.ಮೀ. ಕೈ ಅಡ್ಡ ಬಂದರೂ, ಓರೆಯಾಗಿ ಬಿದ್ದರೂ ಗುಂಡು ಒಳಗಿನ ಅಂಗ ತಲುಪಬೇಕು ಅನ್ನೋದು ಅದರ ಹಿಂದಿನ ಲೆಕ್ಕ. 60 ಗ್ರೇನ್ .32 ಹಾಲೋ ಪಾಯಿಂಟ್ ಅರಳಿದರೆ ಸಾಮಾನ್ಯವಾಗಿ 20-25 ಸೆಂ.ಮೀ.ಗೆ ನಿಲ್ಲುತ್ತೆ. ದಪ್ಪ ಬಟ್ಟೆ ಅಡ್ಡ ಬಂದರೆ ಮೂತಿಯ ಗುಂಡಿಯೊಳಗೆ ಬಟ್ಟೆ ತುಂಬಿಕೊಂಡು ಅರಳೋದೇ ಇಲ್ಲ, ಬಾಲ್ ಗುಂಡಿನ ಹಾಗೇ ಹೋಗುತ್ತೆ. ಅಂದರೆ ದುಡ್ಡು ಜಾಸ್ತಿ ಕೊಟ್ಟು ಒಂದೋ ಮೋಟು ಗುಂಡು ತಗೋತೀರಿ, ಇಲ್ಲಾ ಹಗುರ ಬಾಲ್ ತಗೋತೀರಿ. 71 ಗ್ರೇನ್ ಬಾಲ್ 40 ಸೆಂ.ಮೀ. ದಾಟುತ್ತೆ. ಈ ಬೋರಿಗೆ ನನ್ನ ಓಟು ಬಾಲ್‌ಗೇ.

ಬುಲ್ಸೈ_ಬಸವನಗುಡಿ:
ಇದಕ್ಕೆ ಇನ್ನೊಂದು ಸೇರಿಸಿ: ರಿಮ್‌ಲಾಕ್. ಪಿಸ್ತೂಲ್ ತಗೊಂಡಿರೋರಿಗೆ ಜೆಲಾಟಿನ್‌ಗಿಂತ ದೊಡ್ಡ ವಿಷಯ ಇದು.

ಎಸಿಪಿಗೆ ಅರೆ ರಿಮ್ ಇದೆ ಅಂದ್ರಲ್ಲ. ಮ್ಯಾಗಜಿನ್ನಲ್ಲಿ ಒಂದರ ಮೇಲೊಂದು ಕೂತಾಗ ಮೇಲಿನ ಕಾಡತೂಸಿನ ರಿಮ್ ಕೆಳಗಿನದರ ರಿಮ್ಮಿನ ಮುಂದೆ ಇರಬೇಕು. ಬಾಲ್ ಕಾಡತೂಸಿನ ಒಟ್ಟು ಉದ್ದ ಸುಮಾರು 25 ಮಿ.ಮೀ. ಮ್ಯಾಗಜಿನ್ ಪೆಟ್ಟಿಗೆ ಅದೇ ಅಳತೆಗೆ ಮಾಡಿದ್ದು, ಮುಂದೆ ಹಿಂದೆ ಜರುಗೋಕೆ ಜಾಗ ಇಲ್ಲ. ಹಾಲೋ ಪಾಯಿಂಟ್ ಮೂತಿ ಮೊಂಡು, ಉದ್ದ ಒಂದು ಒಂದೂವರೆ ಮಿ.ಮೀ. ಕಮ್ಮಿ. ಆ ಸಂದಿನಲ್ಲಿ, ಮೊದಲ ಗುಂಡಿನ ಏಟಿಗೆ ಕಾಡತೂಸು ಹಿಂದೆ ಮುಂದೆ ಜರುಗಿ ಮೇಲಿನದರ ರಿಮ್ ಕೆಳಗಿನದರ ಹಿಂದೆ ಹೋಗಿ ಸಿಕ್ಕಿಕೊಳ್ಳುತ್ತೆ. ಸ್ಲೈಡ್ (ಪಿಸ್ತೂಲಿನ ಮೇಲಿನ ಜರುಗೋ ಭಾಗ) ಮುಂದೆ ಬಂದು ತಳ್ಳಿದರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ನಿಂತಿರುತ್ತವೆ.

ಬೇರೆ ಜಾಮ್‌ಗಳ ಹಾಗೆ ತಳ ತಟ್ಟಿ ಸ್ಲೈಡ್ ಎಳೆದರೆ ಇದು ಬಿಡಲ್ಲ. ಇನ್ನೂ ಬಿಗಿಯಾಗುತ್ತೆ. ಮ್ಯಾಗಜಿನ್ ಕಿತ್ತು ಬೇರೆ ಹಾಕೋದೊಂದೇ ದಾರಿ. ಬಾಲ್‌ನಲ್ಲೂ ತುಂಬುವಾಗ ಅಜಾಗರೂಕತೆ ಮಾಡಿದರೆ ಆಗಬಹುದು. ಅದಕ್ಕೇ ಪ್ರತಿ ಕಾಡತೂಸು ಹಾಕುವಾಗ ಪೂರ್ತಿ ಹಿಂದಕ್ಕೆ ತಳ್ಳಿ ಕೂರಿಸಿ, ಪಕ್ಕದ ಕಿಂಡಿಯಿಂದ ರಿಮ್ಮಿನ ಸಾಲು ಒಮ್ಮೆ ನೋಡಿ. ಮೆಟ್ಟಿಲಿನ ಹಾಗೆ ಸಾಲಾಗಿ ಮುಂದೆ ಮುಂದೆ ಬರಬೇಕು. ಒಂದು ಮೆಟ್ಟಿಲು ಹಿಂದೆ ಬಿದ್ದಿದ್ದರೆ ತೆಗೆದು ಮತ್ತೆ ತುಂಬಿ.

ಕೆಂಗೇರಿ_ಕ್ಯಾಲಿಬರ್:
ಹಾಲೋ ಪಾಯಿಂಟ್ ಅಂತಾರಾಷ್ಟ್ರೀಯವಾಗಿ ಬ್ಯಾನ್ ಅಲ್ವಾ? ಮತ್ತೆ ಚರ್ಚೆ ಯಾಕೆ?

ಕರಿಕೋಟು:
ಅದು ಅರ್ಧ ಸತ್ಯ. 1899ರ ಹೇಗ್ ಘೋಷಣೆ ದೇಹದೊಳಗೆ ಅರಳುವ ಗುಂಡನ್ನು ನಿಷೇಧಿಸಿದ್ದು ದೇಶಗಳ ನಡುವಿನ ಯುದ್ಧಕ್ಕೆ. ಪೊಲೀಸರಿಗಾಗಲಿ, ಲೈಸೆನ್ಸ್ ಇರುವ ನಾಗರಿಕರಿಗಾಗಲಿ ಆ ಘೋಷಣೆ ಅನ್ವಯಿಸುವುದಿಲ್ಲ. (ಆ ಗುಂಡಿಗೆ ಜಗತ್ತೆಲ್ಲ ಡಮ್‌ಡಮ್ ಎಂದು ಹೆಸರು ಬಂದದ್ದು ಕೋಲ್ಕತ್ತದ ಪಕ್ಕದ ಡಮ್‌ಡಮ್ ಶಸ್ತ್ರಾಗಾರದಿಂದ.) ನಮಗೆ ಅನ್ವಯಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ಕಲಂ 2ರಲ್ಲಿ ನಿಷೇಧಿತ ಮದ್ದುಗುಂಡು ಎಂದರೆ ವಿಷಕಾರಿ ದ್ರವ, ಅನಿಲ ಇತ್ಯಾದಿ ತುಂಬಿದ್ದು, ರಾಕೆಟ್, ಬಾಂಬು, ಗ್ರೆನೇಡು, ಜೊತೆಗೆ ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಸೇರಿಸಿದ್ದು. ಹಾಗಾಗಿ ಇಂಪೋರ್ಟೆಡ್ ಸರಕು ಕೊಳ್ಳುವ ಮುನ್ನ ಡೀಲರ್ ಬಿಲ್ಲಿನಲ್ಲಿ ಪೂರ್ತಿ ವಿವರಣೆ ಬರುತ್ತದೆಯೇ ಎಂದು ನೋಡಿ. ಬಿಲ್ಲಿಲ್ಲದ ಒಂದೇ ಒಂದು ಕಾಡತೂಸೂ ಮನೆಯಲ್ಲಿ ಬೇಡ. ಸ್ನೇಹಿತರು ಕೊಟ್ಟ ನಾಲ್ಕು, ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಆರು, ಇವೆಲ್ಲ ಲೈಸೆನ್ಸಿನ ಲೆಕ್ಕಕ್ಕೆ ಬರದ ಸರಕು.

ಲೈಸೆನ್ಸಿನಲ್ಲಿ ಎರಡು ಸಂಖ್ಯೆ ಇರುತ್ತವೆ: ಒಂದು ಸಲಕ್ಕೆ ಇಟ್ಟುಕೊಳ್ಳಬಹುದಾದದ್ದು, ವರ್ಷಕ್ಕೆ ಕೊಳ್ಳಬಹುದಾದದ್ದು. ಹೊಸ ವರ್ಷದ ಕೋಟಾ ತಂದಾಗ ಹಳೆಯದೂ ಸೇರಿ ಮೊದಲ ಸಂಖ್ಯೆ ದಾಟಿದರೆ ಷರತ್ತು ಮುರಿದಂತೆ.

ಲೋಕಲ್_ಲೋಡ್:
ಬಾಲ್ ಗುಂಡಿನ ಮೂತಿಗೆ ಹ್ಯಾಕ್ಸಾದಲ್ಲಿ ಪ್ಲಸ್ ಗುರುತು ಕೊರೆದರೆ ಹಾಲೋ ಪಾಯಿಂಟ್ ಥರಾನೇ ಅರಳುತ್ತೆ ಅಂತಾರೆ. ಯಾರಾದ್ರೂ ಟ್ರೈ ಮಾಡಿದ್ದೀರಾ?

ಮದ್ದಿನಮನೆ:
ದಯವಿಟ್ಟು ಬೇಡ. ಯಾಕೆ ಅಂತ ಬಿಡಿಸಿ ಹೇಳ್ತೀನಿ, ಈ ಮಾತು ವರ್ಷಕ್ಕೊಂದ್ಸಲ ಎದ್ದು ಬರುತ್ತೆ.

ಬಾಲ್ ಗುಂಡಿನ ತಾಮ್ರದ ಹೊದಿಕೆ ಮುಂದೆ ಮುಚ್ಚಿರುತ್ತೆ, ತಳದಲ್ಲಿ ತೆರೆದಿರುತ್ತೆ. ಕಾರ್ಖಾನೆಯಲ್ಲಿ ಸೀಸ ತುಂಬೋದು ತಳದಿಂದ. ಮುಂದಿನ ಮೂತಿ ಕೊರೆದರೆ ಹೊದಿಕೆ ಎರಡೂ ಕಡೆ ಬಾಯಿರೋ ಕೊಳವೆ ಆಗುತ್ತೆ. ಹಿಂದಿನಿಂದ ಮದ್ದಿನ ಒತ್ತಡ ಬಿದ್ದಾಗ ಒಳಗಿನ ಸೀಸ ಪಿಚಕಾರಿಯ ಹಾಗೆ ಮುಂದೆ ಹೋಗಿ, ತಾಮ್ರದ ಬಳೆ ನಳಿಗೆಯೊಳಗೇ ಅಂಟಿಕೊಳ್ಳಬಹುದು. ಮುಂದಿನ ಗುಂಡು ಆ ಬಳೆಗೆ ಗುದ್ದಿದಾಗ ನಳಿಗೆ ಉಬ್ಬುತ್ತೆ ಇಲ್ಲಾ ಸೀಳುತ್ತೆ. ಅಷ್ಟೆಲ್ಲಾ ಮಾಡಿ 175 ಜೂಲಿಗೆ ಅದು ಅರಳೋದೂ ಇಲ್ಲ.

ಕರಿಕೋಟು:
ಜೊತೆಗೆ, ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಕಲಂ 5. ಮನೆಯಲ್ಲಿ ಖಾಲಿ ಕೇಸಿಗೆ ಮತ್ತೆ ಮದ್ದು ತುಂಬುವ ಯೋಚನೆಗೂ ಇದೇ ಉತ್ತರ.

ಹೆಬ್ಬಾಳ_ಸಿಕ್ಸರ್:
ಎಲ್ಲ ಪಿಸ್ತೂಲಿನ ಮಾತೇ ಆಯ್ತು. ರಿವಾಲ್ವರ್ ಇಟ್ಕೊಂಡಿರೋರೇ ಜಾಸ್ತಿ ಇರೋದು. 3 ಇಂಚು ನಳಿಗೆ, .32 ಲಾಂಗ್, ಸೀಸದ ಉರುಟು ಮೂತಿ. ಇದಕ್ಕಿಂತ ಒಳ್ಳೇದು ಇದೆಯಾ?

ಬುಲ್ಸೈ_ಬಸವನಗುಡಿ:
ಇದೆ, ಆದರೆ ಸಿಗೋದು ಕಷ್ಟ. .32 ಲಾಂಗ್ ಸಾದಾ ಗುಂಡು 98 ಗ್ರೇನ್ ಸೀಸ, ಉದ್ದ ನಳಿಗೆಯಲ್ಲಿ ಸೆಕೆಂಡಿಗೆ 215 ಮೀಟರ್, 147 ಜೂಲ್. 3 ಇಂಚಿನಲ್ಲಿ ಇನ್ನೂ ಸ್ವಲ್ಪ ಕಮ್ಮಿ. ನಿಧಾನ ಹೋಗುತ್ತೆ, ಆದರೆ ಗುಂಡು ತೂಕ ಇರೋದರಿಂದ ಒಳಗೆ ಹೋಗುತ್ತೆ. ಉರುಟು ಮೂತಿ ಮಾಂಸವನ್ನ ಕತ್ತರಿಸಲ್ಲ, ಸರಿಸಿಕೊಂಡು ಹೋಗುತ್ತೆ. ಅದರ ಮಿತಿ ಅದು.

25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯವರು ಇದೇ .32 ಲಾಂಗ್‌ನಲ್ಲಿ ವ್ಯಾಡ್‌ಕಟರ್ ಹೊಡೀತಾರೆ. ಮೂತಿ ಚಪ್ಪಟೆ, ಗುಂಡು ಕೇಸಿನ ಬಾಯಿಗೆ ಸಮನಾಗಿ ಮುಳುಗಿರುತ್ತೆ. ಕಾಗದದ ಮೇಲೆ ಪಂಚಿಂಗ್ ಮಷಿನ್ ಹೊಡೆದ ಹಾಗೆ ದುಂಡನೆ ತೂತು ಬೀಳುತ್ತೆ, ಅಂಕ ಎಣಿಸೋಕೆ ಸುಲಭ ಅಂತಲೇ ಅದು ಬಂದಿದ್ದು. ಅರಳುವ ಗೊಡವೆ ಇಲ್ಲ, ಮೊದಲೇ ಪೂರ್ತಿ ಅಗಲ. ಕಡಿಮೆ ಶಕ್ತಿಯ ರಿವಾಲ್ವರಿಗೆ ಹಾಲೋ ಪಾಯಿಂಟ್‌ಗಿಂತ ಇದು ಬುದ್ಧಿವಂತ ಆಯ್ಕೆ. ಲಾಪುವಾ, ಫಿಯೊಕ್ಕಿ ಇಬ್ಬರೂ ಮಾಡ್ತಾರೆ.

ತೊಂದರೆ ಎರಡು. ಇಂಪೋರ್ಟ್ ಮಾಲು, ಹೆಚ್ಚಿನದು ಶೂಟರ್‌ಗಳ ಕಡೆಗೇ ಹೋಗುತ್ತೆ. ಇನ್ನೊಂದು, ಚಪ್ಪಟೆ ಮೂತಿ ಸಿಲಿಂಡರಿನ ತೂತಿಗೆ ತಾನೇ ದಾರಿ ಹುಡುಕಲ್ಲ. ಕೈ ನಡುಗುವಾಗ ಮತ್ತೆ ತುಂಬೋದು ತಡ. ಸಿಕ್ಕರೆ ಸಿಲಿಂಡರಿನಲ್ಲಿ ಆರು ವ್ಯಾಡ್‌ಕಟರ್, ಜೇಬಿನಲ್ಲಿ ಆರು ಉರುಟು ಮೂತಿ.

ಹೆಬ್ಬಾಳ_ಸಿಕ್ಸರ್:
ವ್ಯಾಡ್‌ಕಟರ್ ಪಿಸ್ತೂಲಿಗೆ?

ಬುಲ್ಸೈ_ಬಸವನಗುಡಿ:
ನಿಮ್ಮ ಎಸಿಪಿ ಪಿಸ್ತೂಲಿಗೆ ಆಗಲ್ಲ. ಶೂಟರ್‌ಗಳ .32 ಪಿಸ್ತೂಲು ಲಾಂಗ್ ಕಾಡತೂಸಿಗೇ ಮಾಡಿದ್ದು, ಜಾತಿಯೇ ಬೇರೆ.

ನಳಿಗೆನೋಟ:
ರಿವಾಲ್ವರಿನವರು ಒಂದು ಪರೀಕ್ಷೆ ತಪ್ಪದೆ ಮಾಡಿ. ರೇಂಜಿನಲ್ಲಿ, ನಳಿಗೆ ಗುರಿಕಟ್ಟೆಯ ಕಡೆ ಇಟ್ಟುಕೊಂಡು, ಕುದುರೆಯಿಂದ ಬೆರಳು ದೂರ ಇಟ್ಟು. ಕಾಡತೂಸು ತುಂಬಿ, ಸಿಲಿಂಡರ್ ಮುಚ್ಚುವ ಮುನ್ನ ತಳದ ಮೇಲೆ ಬೆರಳ ತುದಿ ಸವರಿ. ಪ್ರೈಮರ್ (ತಳದ ನಡುವಿನ, ಮದ್ದಿಗೆ ಕಿಡಿ ಕೊಡೋ ಬಿಲ್ಲೆ) ಕೇಸಿನ ತಳಕ್ಕೆ ಸಮನಾಗಿರಬೇಕು ಇಲ್ಲಾ ಕೂದಲೆಳೆ ಒಳಗಿರಬೇಕು. ಉಬ್ಬಿದ್ದರೆ ಅದು ಫ್ರೇಮಿಗೆ ಉಜ್ಜಿ ಸಿಲಿಂಡರ್ ತಿರುಗೋದೇ ಬಿಗಿಯಾಗುತ್ತೆ. ಅಂಥದ್ದು ಪಕ್ಕಕ್ಕೆ.

ಇನ್ನು ಪ್ರೈಮರ್ ಗಟ್ಟಿ ಇದ್ದು ಹ್ಯಾಮರ್ ಸ್ಪ್ರಿಂಗ್ ಮೆತ್ತಗಿದ್ದರೆ ಟಿಕ್ ಅಂತಷ್ಟೇ ಬರುತ್ತೆ, ಗುಂಡು ಹಾರಲ್ಲ. ಹ್ಯಾಮರ್ ಕೈಯಲ್ಲಿ ಎಳೆದು ಹೊಡೆದಾಗ ಸರಿಯಾಗಿ ಹಾರಿ, ಡಬಲ್ ಆಕ್ಷನ್‌ನಲ್ಲಿ (ಕುದುರೆ ಎಳೆತವೇ ಹ್ಯಾಮರ್ ಎತ್ತಿ ಬಿಡುವಾಗ) ಮಾತ್ರ ಕೈಕೊಡೋದು ಇದರ ಲಕ್ಷಣ, ಯಾಕಂದ್ರೆ ಡಬಲ್ ಆಕ್ಷನ್‌ನಲ್ಲಿ ಹ್ಯಾಮರ್ ಅಷ್ಟು ಹಿಂದೆ ಹೋಗಿರಲ್ಲ. ಆತ್ಮರಕ್ಷಣೆಗೆ ಬಳಸೋದು ಡಬಲ್ ಆಕ್ಷನ್ನೇ, ಹಾಗಾಗಿ ಪರೀಕ್ಷೆಯೂ ಅದರಲ್ಲೇ ಆಗಬೇಕು. ಕುದುರೆ ಹಗುರ ಆಗಲಿ ಅಂತ ಸ್ಪ್ರಿಂಗ್ ಕತ್ತರಿಸಿದ ರಿವಾಲ್ವರುಗಳಲ್ಲಿ ಈ ರೋಗ ಸಾಮಾನ್ಯ.

ಜಯನಗರ_ನಾಲ್ಕು:
50ರಲ್ಲಿ ಎಷ್ಟು ಪರೀಕ್ಷೆಗೆ ಸುಡಬೇಕು? ಹೊರದೇಶದವರು 200 ಹೊಡೀರಿ ಅಂತಾರೆ.

ನಳಿಗೆನೋಟ:
200 ಅಂದರೆ ನಿಮ್ಮ ನಾಲ್ಕು ವರ್ಷದ ಕೋಟಾ. ನಮ್ಮ ಲೆಕ್ಕ ಹೀಗಿರಲಿ. ಮ್ಯಾಗಜಿನ್ ಎರಡು, ತಲಾ 7 ಅಂತ ಇಟ್ಕೊಳ್ಳಿ. ಪ್ರತಿಯೊಂದನ್ನೂ ಎರಡೆರಡು ಸಲ ತುಂಬಿ ಖಾಲಿ ಮಾಡಿ, 28 ಹೋಯ್ತು. 14 ಮ್ಯಾಗಜಿನ್‌ಗೆ, 8 ಮೀಸಲು. ಮ್ಯಾಗಜಿನ್ ಮೇಲೆ ಒಂದು, ಎರಡು ಅಂತ ಗುರುತು ಹಾಕಿ. ತಪ್ಪು ಯಾವುದರಲ್ಲಿ ಬಂತು ಅನ್ನೋದು ಗೊತ್ತಾಗಬೇಕು. ಒಂದೇ ಮ್ಯಾಗಜಿನ್ನಲ್ಲಿ ಎರಡು ಸಲ ಸಿಕ್ಕಿಕೊಂಡರೆ ಕಾಡತೂಸನ್ನು ಬೈಯಬೇಡಿ, ಮ್ಯಾಗಜಿನ್ ತುಟಿ ಬಗ್ಗಿದೆಯಾ ನೋಡಿ. ಒಂದಿಷ್ಟು ಒಂದೇ ಕೈಯಲ್ಲಿ ಹೊಡೀರಿ. ಬ್ಲೋಬ್ಯಾಕ್ (ಮದ್ದಿನ ಒತ್ತಡಕ್ಕೇ ಸ್ಲೈಡ್ ಹಿಂದೆ ಸರಿಯೋ) ಪಿಸ್ತೂಲಿನ ಸ್ಲೈಡಿಗೆ ಕೈ ಗಟ್ಟಿಯಾಗಿ ಆಸರೆ ಕೊಡಬೇಕು, ಮಣಿಕಟ್ಟು ಸಡಿಲ ಬಿಟ್ಟರೆ ಖಾಲಿ ಕೇಸು ಪೂರ್ತಿ ಹೊರಬೀಳದೆ ಕಿಂಡಿಯಲ್ಲಿ ನಿಲ್ಲುತ್ತೆ. ಆರು ಗುಂಡಿನ ರಿವಾಲ್ವರಿಗೆ ನಾಲ್ಕು ಸುತ್ತು, 24 ಸಾಕು.

ಹೊಡೆಯುವಾಗ ಎರಡು ಸದ್ದು ಕಿವಿಯಲ್ಲಿರಲಿ. ಬರೀ ಟಿಕ್ ಬಂದರೆ ನಳಿಗೆ ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಹೊತ್ತಿಕೊಳ್ಳಬಹುದು. ಪಟಾಕಿ ತುಸ್ಸೆಂದ ಹಾಗೆ ಮೆತ್ತಗೆ ಸದ್ದಾಗಿ ಕೈಗೆ ಏಟು ಗೊತ್ತಾಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಕೂತಿರಬಹುದು. ಪೂರ್ತಿ ಖಾಲಿ ಮಾಡಿ, ಕಡ್ಡಿ ಹಾಕಿ ನೋಡದೆ ಮುಂದಿನದು ಹೊಡೆಯಬಾರದು.

ವೈಟ್‌ಫೀಲ್ಡ್_ವಾಲ್:
ಅಪಾರ್ಟ್‌ಮೆಂಟ್ ಅಂದ್ರಲ್ಲ, ಅದನ್ನ ಯಾರೂ ಮುಟ್ಟಿಲ್ಲ. ಬಾಲ್ ಗುಂಡು 40 ಸೆಂ.ಮೀ. ದಾಟುತ್ತೆ ಅನ್ನೋದು ಒಳ್ಳೇದೂ ಹೌದು, ಕೆಟ್ಟದ್ದೂ ಹೌದು. ಇಲ್ಲಿ ಫ್ಲಾಟ್ ಗೋಡೆ ಸಾಮಾನ್ಯವಾಗಿ 4 ಇಲ್ಲಾ 6 ಇಂಚಿನ ಸಾಲಿಡ್ ಬ್ಲಾಕ್, ಎರಡೂ ಕಡೆ ಪ್ಲಾಸ್ಟರ್. .32 ಅದಕ್ಕೆ ಬಡಿದು ಚಪ್ಪಟೆಯಾಗುತ್ತೆ. ಆದರೆ ಫ್ಲಶ್ ಡೋರ್, ಜಿಪ್ಸಂ ಪಾರ್ಟಿಷನ್, ವಾರ್ಡ್‌ರೋಬ್ ಹಿಂದಿನ ಪ್ಲೈ, ಯುಟಿಲಿಟಿ ಕಡೆಯ ಗಾಜು, ಇವು ಯಾವುದೂ ತಡೆ ಅಲ್ಲ. ಬಾಲ್ ಆಗಲಿ ಹಾಲೋ ಆಗಲಿ ದಾಟುತ್ತೆ. ಮುಂಬಾಗಿಲ ಎದುರಿಗೇ ಪಕ್ಕದ ಮನೆಯ ಬಾಗಿಲಿರೋ ಕಾರಿಡಾರ್ ಆದರೆ, ಬಾಗಿಲ ಕಡೆ ಹಾರಿದ ಗುಂಡು ಅವರ ಹಾಲ್‌ಗೆ. ಖಾಲಿ ಕೈಯಲ್ಲಿ ಮನೆಯೊಳಗೆ ಒಮ್ಮೆ ಓಡಾಡಿ, ಯಾವ ಕೋನದ ಹಿಂದೆ ಬ್ಲಾಕ್ ಗೋಡೆ ಇದೆ, ಯಾವುದರ ಹಿಂದೆ ಮಕ್ಕಳ ರೂಮಿನ ಬಾಗಿಲಿದೆ ನೋಡಿಕೊಳ್ಳಿ. ಕಾಡತೂಸು ಬದಲಿಸೋದಕ್ಕಿಂತ ಇದರಿಂದ ಉಪಯೋಗ ಜಾಸ್ತಿ.

ಕರಿಕೋಟು:
ಸರಿಯಾದ ಜಾಗ ಮುಟ್ಟಿದಿರಿ. 2024ರ ಜುಲೈ 1ರಿಂದ ಖಾಸಗಿ ರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ ಕಲಂ 34ರಿಂದ 44ರಲ್ಲಿದೆ. ಜೀವ ತೆಗೆಯುವ ಮಟ್ಟಕ್ಕೆ ಹಕ್ಕು ಯಾವಾಗ ಹೋಗುತ್ತದೆ ಎಂಬುದು ದೇಹಕ್ಕೆ 38ರಲ್ಲಿ, ಆಸ್ತಿಗೆ 41ರಲ್ಲಿ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಹಕ್ಕೇ ಇಲ್ಲ, ಇದು 37. ನಿರಪರಾಧಿಗೆ ಅಪಾಯವಾಗುವ ಸಂದರ್ಭದ ಬಗ್ಗೆ 44 ಹೇಳುತ್ತದೆ, ಆದರೆ ಅದು ಪ್ರಾಣಭಯ ಇದ್ದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಕಾರಿಡಾರಿನಲ್ಲಿ ಓಡಿಹೋಗುತ್ತಿರುವವನ ಹಿಂದೆ ಹೊಡೆದ ಗುಂಡಿಗೆ ಇವು ಯಾವುವೂ ಆಸರೆಯಾಗುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಡಬ್ಬ ಎಸೆಯಬೇಡಿ. ಅದರ ಮೇಲೆ ಲಾಟ್ ಸಂಖ್ಯೆ ಇರುತ್ತದೆ. ಪ್ರಕರಣವಾದರೆ ಎಷ್ಟು ದೂರದಿಂದ ಹೊಡೆದದ್ದು ಎಂಬುದನ್ನು ಮದ್ದಿನ ಕಣಗಳ ಹರಡುವಿಕೆಯಿಂದ ಅಂದಾಜು ಮಾಡುತ್ತಾರೆ. ಮಡಿವಾಳದ ಎಫ್‌ಎಸ್‌ಎಲ್‌ನಲ್ಲಿ (ವಿಧಿವಿಜ್ಞಾನ ಪ್ರಯೋಗಾಲಯ) ಹೋಲಿಕೆಗೆ ಅದೇ ಆಯುಧ, ಅದೇ ಲಾಟಿನ ಕಾಡತೂಸು ಸಿಕ್ಕರೆ ಫಲಿತಾಂಶ ಗಟ್ಟಿ. ಹತ್ತಿರ ಬಂದು ಮೈಮೇಲೆ ಬಿದ್ದ ಎಂಬ ನಿಮ್ಮ ಮಾತಿಗೆ ಅದೇ ಸಾಕ್ಷಿಯಾದೀತು.

ಕೆಂಗೇರಿ_ಕ್ಯಾಲಿಬರ್:
ಇಡೋದು ಹೇಗೆ? ಚರ್ಮದ ಬೆಲ್ಟಿನ ಕುಣಿಕೆಯಲ್ಲಿಟ್ಟರೆ ಹಸಿರು ಬರುತ್ತಲ್ಲ.

ಮದ್ದಿನಮನೆ:
ಚರ್ಮ ಹದ ಮಾಡಿದ ರಾಸಾಯನಿಕ ಹಿತ್ತಾಳೆಯನ್ನ ತಿನ್ನುತ್ತೆ, ಅದೇ ಹಸಿರು. ಒರೆಸಿದರೆ ಹೋಗೋದು ಮೇಲಿನದು ಮಾತ್ರ, ಕೆಳಗೆ ಗುಂಡಿ ಬಿದ್ದಿರುತ್ತೆ. ಹೊರಗೆ ಹೋಗುವಾಗ ಮಾತ್ರ ಬೆಲ್ಟು. ಉಳಿದಂತೆ ಮೂಲ ಡಬ್ಬ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ಸಿಲಿಕಾ ಜೆಲ್ ಪೊಟ್ಟಣ, ಬೀಗ. ಬೆಂಗಳೂರಿನ ಹವೆ ಮದ್ದಿಗೆ ಹಿತ. ಮಳೆಗಾಲದ ತೇವ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಇವೆರಡೇ ಶತ್ರು. ಕಾಡತೂಸಿಗೆ ಎಣ್ಣೆ ಸವರಬೇಡಿ, ಅದು ಪ್ರೈಮರ್ ಸುತ್ತಲಿನ ಸಂದಿಯಿಂದ ಒಳಗಿಳಿದು ಪ್ರೈಮರನ್ನೇ ಕೊಲ್ಲುತ್ತೆ. ಗನ್‌ಗೆ ಎಣ್ಣೆ ಹಾಕಿದ ಮೇಲೆ ಚೇಂಬರ್ (ಕಾಡತೂಸು ಕೂತು ಸಿಡಿಯೋ ಜಾಗ) ಒಣಬಟ್ಟೆಯಲ್ಲಿ ಒರೆಸಿಯೇ ತುಂಬಿ. ವರ್ಷಕ್ಕೊಮ್ಮೆ ಗನ್ನಿನಲ್ಲಿದ್ದ ಹಳೆಯದನ್ನ ರೇಂಜಿನಲ್ಲಿ ಹೊಡೆದು ಹೊಸದು ತುಂಬೋದು ಒಳ್ಳೇ ರೂಢಿ.

ಕರಿಕೋಟು:
ಬೆಲ್ಟು, ಬ್ಯಾಗು ಎಂದಾಗ ನೆನಪಾಯಿತು: ದೇವನಹಳ್ಳಿಗೆ ವಿಮಾನ ಹತ್ತಲು ಹೊರಡುವ ಮುನ್ನ ರೇಂಜಿಗೆ ಒಯ್ಯುವ ಬ್ಯಾಗನ್ನೇ ಒಯ್ಯಬೇಡಿ. ಮೂಲೆಯಲ್ಲಿ ಉಳಿದ ಒಂದು ಕಾಡತೂಸು ಸ್ಕ್ಯಾನರಿಗೆ ಕಂಡರೆ ಠಾಣೆ ಮೆಟ್ಟಿಲು ತಪ್ಪಿದ್ದಲ್ಲ.

ಜಯನಗರ_ನಾಲ್ಕು:
ಹಾಗಾದ್ರೆ ಬಾಲ್‌ಗೇ ಹೋಗ್ತೀನಿ. ಕೊನೇ ಪ್ರಶ್ನೆ. ದಿನಾ ರಾತ್ರಿ ಚೇಂಬರ್‌ಗೆ ಹಾಕಿ ಬೆಳಿಗ್ಗೆ ತೆಗೆದರೆ, ಅದೇ ಕಾಡತೂಸು ಮತ್ತೆ ಮತ್ತೆ ಒಳಗೆ ಹೋಗುತ್ತಲ್ಲ. ಏನಾದ್ರೂ ಆಗುತ್ತಾ?

ಬುಲ್ಸೈ_ಬಸವನಗುಡಿ:
ಆಗುತ್ತೆ. ಪ್ರತಿ ಸಲ ಮೂತಿ ಫೀಡ್ ರ‍್ಯಾಂಪಿಗೆ (ಚೇಂಬರಿಗೆ ಹತ್ತಿಸೋ ಇಳಿಜಾರು) ಗುದ್ದಿ ಗುಂಡು ಕೇಸಿನೊಳಗೆ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಒಳಗಿನ ಜಾಗ ಕಮ್ಮಿಯಾದಷ್ಟೂ ಒತ್ತಡ ಏರುತ್ತೆ. ಎಸಿಪಿ ಕೇಸು ಮೊದಲೇ ಚಿಕ್ಕದು, ಅರ್ಧ ಮಿ.ಮೀ. ಇಳಿದರೂ ವ್ಯತ್ಯಾಸ ದೊಡ್ಡದು. ರಿಮ್‌ಲಾಕ್‌ಗೂ ದಾರಿ, ಉದ್ದ ಕಮ್ಮಿಯಾಯ್ತಲ್ಲ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅದೇ ಡಬ್ಬದ ಹೊಸದೊಂದನ್ನ ಅಳೆದು ಡಬ್ಬದ ಮೇಲೆ ಬರೆದಿಡಿ, ಚೇಂಬರಿಗೆ ಹೋಗಿ ಬಂದದ್ದನ್ನ ತಿಂಗಳಿಗೊಮ್ಮೆ ಅದಕ್ಕೆ ಹೋಲಿಸಿ. ಕ್ಯಾಲಿಪರ್ ಇಲ್ಲದಿದ್ದರೆ ಎರಡನ್ನೂ ಗಾಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ ಮೇಲೊಂದು ಸ್ಕೇಲ್ ಇಡಿ, ಓರೆಯಾದರೆ ಗೊತ್ತಾಗುತ್ತೆ.

ಜಯನಗರ_ನಾಲ್ಕು:
ಹೊಸದು 24.9, ಓಡಾಡಿದ್ದು 24.5 ಅಂತ ಬಂದ್ರೆ?

ಬುಲ್ಸೈ_ಬಸವನಗುಡಿ:
ರೇಂಜಿನಲ್ಲೂ ಹೊಡೆಯಬೇಡಿ. ಕವರಿನಲ್ಲಿ ಹಾಕಿ, ಮೇಲೆ ಬರೆದು, ಮುಂದಿನ ಸಲ ಡೀಲರ್ ಹತ್ರ ಹೋದಾಗ ಲೈಸೆನ್ಸ್ ಜೊತೆ ಒಯ್ದು ಕೊಡಿ, ರಸೀದಿ ತಗೊಳ್ಳಿ. ಕಸದ ಗಾಡಿಗೆ ಮಾತ್ರ ಹಾಕಬೇಡಿ.